ಕಾಣದವಳ ಹೆಸರಿನ ಹರಕೆ

ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ನನ್ನ ಉದ್ಯೋಗ. ಕಂಪನಿ ಬೆಂಗಳೂರಿನಲ್ಲಿದೆ, ನಾನು ಅರಸೀಕೆರೆಯಲ್ಲಿದ್ದೇನೆ. ರೈಲ್ವೆ ಸ್ಟೇಷನ್ನಿಗೆ ಹತ್ತಿರದ ಬೀದಿಯಲ್ಲಿ ನಮ್ಮ ಮನೆ. ಮಹಡಿಯ ಕೋಣೆಯಲ್ಲಿ ಕೂತು ಮೀಟಿಂಗಿನಲ್ಲಿ ಮಾತಾಡುತ್ತಿದ್ದರೆ, ಯಾವ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತಿದೆ ಎಂಬ ಹೆಣ್ಣುದನಿ ನನ್ನ ಮಾತಿನ ನಡುವೆ ತೂರಿಕೊಂಡು ಬರುತ್ತದೆ. ಮೊದಮೊದಲು ಮುಜುಗರವಾಗುತ್ತಿತ್ತು. ಈಗ ಆ ಕಡೆಯವರೇ ‘ನಿಮ್ಮ ಗಾಡಿ ಬಂತು’ ಎಂದು ನಕ್ಕು, ಅದು ಮುಗಿಯುವವರೆಗೆ ಕಾಯುತ್ತಾರೆ. ನನ್ನ ಗಂಡನದು ಕೊಬ್ಬರಿ ವ್ಯಾಪಾರ. ಮನೆಯ ಹಿಂದಿನ ಗೋದಾಮಿನಿಂದ ಕೊಬ್ಬರಿಯ ವಾಸನೆ ಮಹಡಿಯವರೆಗೂ ಏರಿ ಬರುತ್ತದೆ. ಹೊಸಬರು ಬಂದು ಹೇಳಿದಾಗ ಮಾತ್ರ ಅದು ನಮಗೆ ಗೊತ್ತಾಗುವುದು.

ಕೆಲಸ ಬಿಟ್ಟರೆ ನನಗಿರುವುದು ಕಸೂತಿಯ ಹುಚ್ಚು. ಹಳೇಬೀಡು, ಬೇಲೂರು ದೇವಸ್ಥಾನಗಳ ಹೊರಗೋಡೆಯ ಮೇಲೆ ಆನೆಯ ಸಾಲು, ಕುದುರೆಯ ಸಾಲುಗಳ ನಡುವೆ ಹಬ್ಬಿಕೊಂಡು ಹೋಗುವ ಬಳ್ಳಿಯ ಪಟ್ಟಿಗಳಿವೆಯಲ್ಲ, ಅವನ್ನು ನೋಡಿ ಬರೆದುಕೊಂಡು ಬಂದು ಬಟ್ಟೆಯ ಮೇಲೆ ದಾರದಲ್ಲಿ ತೆಗೆಯುತ್ತೇನೆ. ದೇವಸ್ಥಾನಕ್ಕೆ ಬರುವವರೆಲ್ಲ ಮದನಿಕೆಯರ ಮುಂದೆ ನಿಲ್ಲುತ್ತಾರೆ. ನಾನು ಮೊಣಕಾಲೂರಿ ಕೂತು ಕೆಳಗಿನ ಬಳ್ಳಿ ನೋಡುತ್ತಿರುತ್ತೇನೆ. ಎಷ್ಟೋ ಸಲ ಕಾವಲಿನವರು ‘ಏನಾದ್ರೂ ಬಿದ್ದೋಯ್ತೇನಮ್ಮ’ ಎಂದು ಕೇಳಿದ್ದಾರೆ.

ಈ ಬಳ್ಳಿಗಳ ಬಗ್ಗೆ ಬರೆಯೋಣವೆಂದೇ ಒಂದು ಬ್ಲಾಗ್ ಶುರು ಮಾಡಿದ್ದೆ. ಯಾವ ಎಲೆಗೆ ಯಾವ ಹಸಿರು ಹಾಕಿದೆ, ಸುರುಳಿ ತಿರುಗುವ ಕಡೆ ದಾರ ಯಾಕೆ ಸುಕ್ಕಾಗುತ್ತದೆ, ಇಂಥವೇ. ನಡುವೆ ಗೋದಾಮಿಗೆ ನುಗ್ಗಿದ ಅಳಿಲಿನ ಕಥೆಯೋ, ಮೀಟಿಂಗಿನಲ್ಲಿ ಕೂಗಿದ ರೈಲಿನ ಕಥೆಯೋ ಬರುತ್ತಿತ್ತು. ತಿಂಗಳಿಗೊಂದು ಬರೆಯಬೇಕೆಂದುಕೊಂಡು ಶುರು ಮಾಡಿದ್ದು ಆಮೇಲೆ ಯುಗಾದಿಗೊಂದು, ದೀಪಾವಳಿಗೊಂದು ಆಯಿತು. ಬರೆದದ್ದನ್ನು ಹಾಕುವ ಮುಂಚೆ ಓದುತ್ತಿದ್ದೆ. ಓದಿದರೆ ತಪ್ಪು ಕಾಣುತ್ತಿತ್ತು. ಇಡೀ ದಿನ ತಪ್ಪು ಹುಡುಕಿದ ಕಣ್ಣು ಸಂಜೆಗೆ ಸುಮ್ಮನಾಗುವುದಿಲ್ಲ. ತಿದ್ದುತ್ತೇನೆ ಎಂದು ಎತ್ತಿಟ್ಟದ್ದು ಅಲ್ಲೇ ಉಳಿದುಬಿಡುತ್ತಿತ್ತು. ಅದನ್ನು ಓದುವವರು ನನ್ನ ತಂಗಿ, ಆಫೀಸಿನ ಇಬ್ಬರು ಗೆಳತಿಯರು, ಅಷ್ಟೇ ಎಂದು ನಂಬಿದ್ದೆ. ಹಾಗಾಗಿ ಬರೆಯದಿದ್ದರೆ ಯಾರಿಗೂ ನಷ್ಟವಿಲ್ಲ ಎಂಬ ನೆಮ್ಮದಿಯೂ ಇತ್ತು.

ಒಂದು ಸಲ ಕುತ್ತಿಗೆಯಲ್ಲಿ ಗಂಟೊಂದು ಕಾಣಿಸಿತು. ತಲೆ ಬಾಚಿಕೊಳ್ಳುವಾಗ ಬೆರಳಿಗೆ ಸಿಕ್ಕಿತು. ನೋವಿರಲಿಲ್ಲ. ನೋವಿಲ್ಲದಿರುವುದೇ ಕೆಟ್ಟದ್ದು ಎಂದು ಎಲ್ಲೋ ಓದಿದ್ದೆ. ನಮ್ಮೂರಿನ ಡಾಕ್ಟರು ಕೈಯಿಟ್ಟು ನೋಡಿ, ಹಾಸನಕ್ಕೆ ಹೋಗಿ ಸೂಜಿ ಹಾಕಿ ಪರೀಕ್ಷೆ ಮಾಡಿಸಿ ಎಂದರು. ಗಂಡನಿಗೆ ಹೇಳಿದೆ. ಅವರು ‘ಏನೂ ಇರಲ್ಲ ಕಣೇ’ ಎಂದು ಹೇಳಿ ಆಚೆ ಹೋದರು. ಆಮೇಲೆ ಗೋದಾಮಿನ ಬಾಗಿಲಲ್ಲಿ ಸುಮ್ಮನೆ ನಿಂತಿದ್ದನ್ನು ಮಹಡಿಯಿಂದ ನೋಡಿದೆ. ಅವರ ಎದುರು ಹೆದರಿಕೆ ತೋರಿಸಿಕೊಳ್ಳಬಾರದು ಅನ್ನಿಸಿತು. ತಂಗಿಗೆ ಹೇಳಿದರೆ ಅವಳು ಅಳುತ್ತಾಳೆ.

ಕೊನೆಗೆ ಹೇಳಿಕೊಂಡದ್ದು ಬ್ಲಾಗಿನಲ್ಲಿ. ಆ ಸಂಜೆ ಹಳೇಬೀಡಿನ ಒಂದು ಬಳ್ಳಿಯ ಬಗ್ಗೆ ಅರ್ಧ ಬರೆದಿದ್ದೆ. ಅದರ ಕೆಳಗೆ ಎರಡು ಸಾಲು ಸೇರಿಸಿದೆ. ‘ನಾಳೆ ಹಾಸನಕ್ಕೆ ಹೋಗಿ ಕುತ್ತಿಗೆಯ ಗಂಟು ತೋರಿಸಬೇಕು. ಭಯವಾಗುತ್ತಿದೆ. ವಾಪಸ್ ಬಂದ ಮೇಲೆ ಉಳಿದರ್ಧ ಬಳ್ಳಿ.’ ಆ ಸಲ ತಪ್ಪು ನೋಡದೆ ಹಾಕಿಬಿಟ್ಟೆ. ನಾನು ಲಿಂಕ್ ಕಳಿಸಿದರೆ ಮಾತ್ರ ತಂಗಿ, ಗೆಳತಿಯರು ಓದುತ್ತಿದ್ದದ್ದು, ಈ ಸಲ ಯಾರಿಗೂ ಕಳಿಸಲಿಲ್ಲ.

ರಿಪೋರ್ಟ್ ಬರಲು ಒಂದಷ್ಟು ದಿನ ಹಿಡಿಯಿತು. ಆ ದಿನಗಳಲ್ಲಿ ಏನು ತಿಂದೆ, ಏನು ಕೆಲಸ ಮಾಡಿದೆ ಎಂಬುದು ಈಗ ನೆನಪಿಲ್ಲ. ರಿಪೋರ್ಟ್ ಕೈಗೆ ಬಂದಾಗ ಹಾಸನದ ಡಾಕ್ಟರು ಕನ್ನಡಕ ತೆಗೆದು, ‘ಕೆಟ್ಟ ಗಂಟಲ್ಲಮ್ಮ, ಆಪರೇಷನ್ನೂ ಬೇಡ, ಆಗಾಗ ಬಂದು ತೋರಿಸಿ ಸಾಕು’ ಎಂದರು. ಆಸ್ಪತ್ರೆಯ ಎದುರಿನ ಹೋಟೆಲಿನಲ್ಲಿ ನಾನೂ ನನ್ನ ಗಂಡನೂ ಮಸಾಲೆ ದೋಸೆ ತಿಂದೆವು. ಅವರು ಸಾಮಾನ್ಯವಾಗಿ ಹೋಟೆಲಿನ ಚಟ್ನಿ ಮುಟ್ಟುವವರಲ್ಲ, ಕೊಬ್ಬರಿ ಹಳತು ಎಂದು ಮೂಗು ಮುರಿಯುತ್ತಾರೆ. ಅವತ್ತು ಎರಡು ಸಲ ಹಾಕಿಸಿಕೊಂಡರು. ಮನೆಗೆ ಬಂದು ತಂಗಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳು ಬೈದಳು, ಅತ್ತಳು, ನಕ್ಕಳು. ಅಲ್ಲಿಗೆ ಎಲ್ಲರಿಗೂ ಹೇಳಿದಂತಾಯಿತು ಅಂದುಕೊಂಡೆ.

ಮರುದಿನದಿಂದ ಆಫೀಸಿನಲ್ಲಿ ಭಾರಿ ಕೆಲಸ. ಹೊಸ ಆ್ಯಪ್ ಒಂದು ಬಿಡುಗಡೆಯಾಗುವುದಿತ್ತು. ಅದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು. ಸೂಜಿದಾರ ಹಿಡಿಯುತ್ತಿದ್ದೆ, ಸಂತೋಷಕ್ಕೆ ಹಳೇಬೀಡಿನ ಅದೇ ಬಳ್ಳಿಯನ್ನು ಒಂದು ಬಟ್ಟೆ ಚೀಲದ ಮೈತುಂಬ ತೆಗೆದು ಮುಗಿಸಿಯೂ ಬಿಟ್ಟೆ. ಬ್ಲಾಗ್ ಮಾತ್ರ ಮನಸ್ಸಿಗೆ ಬರಲಿಲ್ಲ. ಬಂದಾಗಲೂ, ಇಷ್ಟು ದಿನ ಬಿಟ್ಟು ಬರೆಯುವಾಗ ಚೆನ್ನಾಗಿ ಬರೆಯಬೇಕು ಅನ್ನಿಸಿ ಮುಂದಕ್ಕೆ ಹೋಗುತ್ತಿತ್ತು. ಹೀಗೇ ವರ್ಷ ಕಳೆಯಿತು, ಅದರ ಮೇಲೂ ಕೆಲವು ತಿಂಗಳಾಯಿತು.

ಒಂದು ಶನಿವಾರ ಹಳೇಬೀಡಿಗೆ ಹೊರಟೆ. ಬೇಲೂರಿಗೆ ಹೋಗುವ ಸರ್ಕಾರಿ ಬಸ್ಸು, ಕಂಡಕ್ಟರ್ ಹೆಂಗಸು. ನಲವತ್ತರ ಆಸುಪಾಸು, ಖಾಕಿ ಅಂಗಿಯ ಮೇಲೆ ಬಿಗಿಯಾಗಿ ಹೆಣೆದ ಜಡೆ, ಜಡೆಯಲ್ಲಿ ಕನಕಾಂಬರ. ಹೆಂಗಸರಿಗೆ ಈಗ ಟಿಕೆಟ್ಟಿಗೆ ದುಡ್ಡಿಲ್ಲವಲ್ಲ, ಆಧಾರ್ ಕಾರ್ಡ್ ತೋರಿಸಿದೆ. ಆಕೆ ನೋಡಿ, ಟಿಕೆಟ್ ಹರಿದು ಕೊಟ್ಟು, ಮುಂದಿನ ಸೀಟಿಗೆ ಹೋದಳು. ಅಲ್ಲಿಂದ ತಿರುಗಿ ನೋಡಿದಳು. ತೊಡೆಯ ಮೇಲಿದ್ದ ನನ್ನ ಕಸೂತಿಯ ಚೀಲ ನೋಡಿದಳು, ನನ್ನ ಮುಖ ನೋಡಿದಳು. ಟಿಕೆಟ್ ಕೊಡುವುದನ್ನು ಬಿಟ್ಟು ವಾಪಸ್ ಬಂದಳು.

“ಮೇಡಂ, ಕಾರ್ಡ್ ಇನ್ನೊಂದ್ಸಲ ಕೊಡಿ.”

ಕೊಟ್ಟೆ. ಕಣ್ಣಿಗೆ ಹತ್ತಿರ ಹಿಡಿದು ಹೆಸರು ಓದಿದಳು. ಹಿಂದೆ ತಿರುಗಿಸಿ ವಿಳಾಸ ಓದಿದಳು.

“ಎಲ್ಲಿ ಇಳೀತೀರಾ?”

“ಹಳೇಬೀಡು.”

“ಇಳ್ದು ಹೊರಟೋಗ್ಬೇಡಿ. ಅಲ್ಲಿ ಬಸ್ಸು ಒಂಚೂರು ನಿಲ್ತದೆ. ನಿಮ್ಮತ್ರ ಮಾತಾಡೋದೈತೆ.”

ಕಾರ್ಡ್ ಕೊಟ್ಟು ಹೊರಟಳು. ಆಕೆಯ ದನಿ ಗಡುಸಾಗಿತ್ತು. ಪಕ್ಕದಲ್ಲಿ ಕೂತಿದ್ದ ಅಜ್ಜಿ ನನ್ನಿಂದ ಸ್ವಲ್ಪ ಸರಿದು ಕೂತಳು. ಕಾರ್ಡನ್ನು ಹಿಂದೆ ಮುಂದೆ ಮಾಡಿ ನೋಡಿಕೊಂಡೆ. ಫೋಟೋ ಹಳೆಯದು, ನನ್ನ ಹಾಗೆ ಕಾಣುವುದಿಲ್ಲ ನಿಜ, ಆದರೆ ಯಾರ ಫೋಟೋ ತಾನೇ ಅವರ ಹಾಗೆ ಕಾಣುತ್ತದೆ. ಏನೋ ನಿಯಮ ಬದಲಾಗಿರಬೇಕು, ದಂಡ ಹಾಕುತ್ತಾಳೆ ಎಂದುಕೊಂಡೆ. ಜಾವಗಲ್ಲಿನಲ್ಲಿ ಬಸ್ಸು ನಿಂತಾಗ ಆಕೆ ಬಾಗಿಲ ಹತ್ತಿರ ನಿಂತು ಫೋನಿನಲ್ಲಿ ಏನನ್ನೋ ನೋಡುತ್ತಾ, ಮತ್ತೆ ಮತ್ತೆ ನನ್ನ ಚೀಲದ ಕಡೆ ಕಣ್ಣು ಹಾಯಿಸುತ್ತಿದ್ದಳು. ಇದು ದಂಡದ ವಿಷಯವಲ್ಲ ಅನ್ನಿಸತೊಡಗಿತು. ಚೀಲವನ್ನು ಯಾರದ್ದೋ ಕದ್ದದ್ದು ಅಂದುಕೊಂಡಳೋ ಏನೋ.

ಹಳೇಬೀಡಿನಲ್ಲಿ ಜನ ಇಳಿಯುವವರೆಗೂ ಕೂತಿದ್ದೆ. ಡ್ರೈವರ್ ಟೀ ಕುಡಿಯಲು ಹೋದರು. ಕಂಡಕ್ಟರ್ ಬಂದು ನನ್ನ ಮುಂದಿನ ಸೀಟಿನಲ್ಲಿ ಹಿಂದಕ್ಕೆ ತಿರುಗಿ ಕೂತಳು. ಫೋನ್ ಮುಂದೆ ಹಿಡಿದಳು. ಅದರಲ್ಲಿದ್ದದ್ದು ನನ್ನ ಬ್ಲಾಗ್. ಕೊನೆಯ ಬರಹದಲ್ಲಿ ನಾನು ಹಾಕಿದ್ದ ಅರ್ಧ ಬಳ್ಳಿಯ ಚಿತ್ರ.

“ಇದು ನಿಮ್ದಾ?”

“ಹೌದು.”

“ನೀವೇ ಬರೆಯೋದಾ? ನಿಮ್ಮ ತಂಗಿ ಗಿಂಗಿ ಅಲ್ವಲ್ಲ?”

“ನಾನೇ.”

ಆಕೆ ಫೋನನ್ನು ಟಿಕೆಟ್ ಚೀಲದೊಳಗೆ ಹಾಕಿದಳು. ನನ್ನ ಎರಡೂ ಕೈ ಹಿಡಿದುಕೊಂಡಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ನನ್ನ ಕೈ ಬಿಡಬೇಕಿತ್ತು, ಬಿಡಲಿಲ್ಲ.

“ನೀವು ತೀರ್ಕೊಂಡ್ಬಿಟ್ರಿ ಅಂದ್ಕೊಂಡಿದ್ವಲ್ಲ ಅಕ್ಕ,” ಎಂದಳು.

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆ ಎರಡು ಸಾಲು ನೆನಪಾಯಿತು. ನಾಳೆ ಹಾಸನ, ಭಯವಾಗುತ್ತಿದೆ, ವಾಪಸ್ ಬಂದ ಮೇಲೆ ಉಳಿದರ್ಧ. ಅದಾದ ಮೇಲೆ ಏನೂ ಇಲ್ಲ. ಓದುವವರ ಕಣ್ಣಿಗೆ ನಾನು ಹಾಸನದಿಂದ ಇನ್ನೂ ಬಂದೇ ಇರಲಿಲ್ಲ.

ಆಕೆ ಹೇಳಿದ್ದು ಇಷ್ಟು. ಅವಳ ತಾಯಿ ಬೇಲೂರಿನ ಹತ್ತಿರದ ಹಳ್ಳಿಯಲ್ಲಿ ಮಗನ ಸಂಸಾರದ ಜೊತೆ ಇದ್ದಾರೆ. ಕಣ್ಣು ಅಷ್ಟಾಗಿ ಕಾಣಿಸುವುದಿಲ್ಲ. ವಾರದ ರಜೆಗೆ ಮಗಳು ಊರಿಗೆ ಹೋದಾಗ ಫೋನಿನಲ್ಲಿರುವುದನ್ನು ಓದಿ ಹೇಳಬೇಕು. ಸುದ್ದಿ ಓದಿದರೆ ಅವರಿಗೆ ಬೇಜಾರು. ಒಂದು ದಿನ ದೇವಸ್ಥಾನದ ಬಗ್ಗೆ ಹುಡುಕುವಾಗ ನನ್ನ ಬ್ಲಾಗ್ ಸಿಕ್ಕಿತು. ಅಳಿಲಿನ ಕಥೆ ಓದಿದಳು. ಅವರು ಬಿದ್ದು ಬಿದ್ದು ನಕ್ಕು, ಇನ್ನೊಂದು ಓದು ಎಂದರಂತೆ. ಅಲ್ಲಿಂದ ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಓದಿಸಿಕೊಂಡಿದ್ದಾರೆ. ಹೊಸದು ಇಲ್ಲದ ವಾರ ಹಳೆಯದನ್ನೇ.

“ಕೊಬ್ಬರಿ ಮನೆಯೋಳು ಏನಂದ್ಲು ಈ ವಾರ, ಅಂತಾಳೆ ಕಣಕ್ಕ ನಮ್ಮವ್ವ. ನಿಮ್ಮೆಸ್ರು ಬಾಯಿಗೆ ಬರಲ್ಲ ಅವ್ಳಿಗೆ. ಹಾಸನ್ದ ಸುದ್ದಿ ಓದ್ದಾಗ ಊಟ ಬಿಟ್ಲು. ಮುಂದ್ಲ ವಾರ ಹೋದ್ರೆ ಬಂದ್ಲಾ ಅಂದ್ಲು. ಇಲ್ಲ ಅಂದೆ. ಅದ್ರ ಮುಂದ್ಲ ವಾರನೂ ಇಲ್ಲ. ನಾನು ಕೆಳ್ಗೆ ಬರೆಯೋ ಜಾಗದಾಗೆ ಬರೆದೆ, ಎಷ್ಟು ಸಲ ಬರೆದೆ. ನೀವು ಹೆಂಗಿದೀರಾ ಅಂತ.”

ಅಲ್ಲಿ ಓದುಗರು ಬರೆದದ್ದು ಹೋಗುವುದು ನನ್ನದೊಂದು ಹಳೆಯ ಮೇಲ್ ವಿಳಾಸಕ್ಕೆ. ಕಾಲೇಜು ಮುಗಿದ ಹೊಸದರಲ್ಲಿ ಮಾಡಿಕೊಂಡದ್ದು, ಬಿಟ್ಟು ಎಷ್ಟೋ ವರ್ಷವಾಗಿತ್ತು. ನಾನು ಒಪ್ಪಿಗೆ ಕೊಡದೆ ಬ್ಲಾಗಿನಲ್ಲಿ ಯಾರ ಮಾತೂ ಕಾಣುವ ಹಾಗಿರಲಿಲ್ಲ. ಇದನ್ನು ಹೇಗೆ ಹೇಳಲಿ ಎಂದು ತೊದಲುತ್ತಿದ್ದೆ. ಆಕೆಗೆ ಅದರ ಅಗತ್ಯವೇ ಇರಲಿಲ್ಲ.

“ಅದಿರ್ಲಿ ಬಿಡಿ. ಗಂಟು ಏನಾಯ್ತು?”

“ಕೆಟ್ಟದ್ದಲ್ಲ ಅಂದ್ರು. ಆಪರೇಷನ್ನೂ ಬೇಡ ಅಂದ್ರು. ಹಾಗೇ ಇದೆ, ಸಣ್ಣದು.”

“ತಡೀರಿ,” ಎಂದು ಫೋನ್ ಹೊರಗೆ ತೆಗೆದಳು. ಆ ಕಡೆ ಯಾರೋ ಎತ್ತಿ ತಾಯಿಗೆ ಕೊಡಲು ಸ್ವಲ್ಪ ಹೊತ್ತು ಹಿಡಿಯಿತು. “ಅವ್ವಾ, ಕೊಬ್ಬರಿ ಮನೆಯೋಳು ಸಿಕ್ಕವ್ಳೆ. ನನ್ನ ಬಸ್ಸಾಗೇ ಅವ್ಳೆ. ಬದುಕವ್ಳೆ ಕಣವ್ವ. ಏನೂ ಇಲ್ವಂತೆ. ಮಾತಾಡು.”

ಫೋನ್ ನನ್ನ ಕಿವಿಗೆ ಬಂತು. ಆ ಕಡೆಯಿಂದ ಮುದಿ ದನಿ.

“ಮಗಾ.”

“ಹೇಳಿ ಅಮ್ಮ.”

“ಊಟ ಆಯ್ತಾ?”

“ಇಲ್ಲಮ್ಮ, ಇನ್ನು ಆಗ್ಬೇಕು.”

“ಮಾಡು. ಆಮೇಲೆ ಮಾಲೇಕಲ್ಲು ಹತ್ತು.”

ಮಾಲೇಕಲ್ಲು ನಮ್ಮೂರಿನ ಪಕ್ಕದ ಬೆಟ್ಟ, ಅದನ್ನು ನಾನು ಯಾಕೆ ಹತ್ತಬೇಕೆಂದು ಗೊತ್ತಾಗದೆ ಕಂಡಕ್ಟರ್ ಮುಖ ನೋಡಿದೆ. ಆಕೆ ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದಳು. ತಾಯಿ ನನ್ನ ಹೆಸರಿನಲ್ಲಿ ಮಾಲೇಕಲ್ಲಿನ ವೆಂಕಟರಮಣಸ್ವಾಮಿಗೆ ಹರಕೆ ಹೊತ್ತಿದ್ದರು. ಆ ಹುಡುಗಿ ಹುಷಾರಾಗಿ ಮನೆಗೆ ಬಂದರೆ ಅವಳನ್ನು ಬೆಟ್ಟ ಹತ್ತಿಸುತ್ತೇನೆ ಎಂದು. ತಮಗೆ ಮಂಡಿ ನೋವು, ತಾವು ಹತ್ತುತ್ತೇನೆ ಎಂದು ದೇವರಿಗೆ ಮಾತು ಕೊಟ್ಟು ತಪ್ಪುವುದು ಬೇಡವೆಂದು ನನ್ನನ್ನೇ ಮುಂದೆ ಮಾಡಿದ್ದರು. “ಹೊತ್ಕೊಂಡೋಳು ಅವ್ಳು, ಹತ್ತೋಳು ನೀವು. ಕೇಳ್ದೆ ನಾನು, ಗುರ್ತಿಲ್ದೋರ್ನ ಹೆಂಗವ್ವ ಹತ್ತಿಸ್ತೀಯ ಅಂತ. ದೇವ್ರೇ ತಂದು ಕೊಡ್ತಾನೆ ಬಿಡು ಅಂದ್ಲು,” ಎಂದಳು ಮಗಳು.

ಡ್ರೈವರ್ ಬಂದು ಹಾರ್ನ್ ಹೊಡೆದರು. ನಾನು ಇಳಿದೆ. ಬಸ್ಸು ಬೇಲೂರಿನ ಕಡೆ ತಿರುಗುವವರೆಗೂ ಆಕೆ ಬಾಗಿಲಲ್ಲಿ ನಿಂತು ಕೈ ಬೀಸುತ್ತಿದ್ದಳು. ಅವತ್ತು ದೇವಸ್ಥಾನಕ್ಕೆ ಹೋಗಲಿಲ್ಲ. ಕೆರೆಯ ಕಡೆ ನಡೆದು ಏರಿಯ ಮೇಲೆ ಕೂತೆ. ಹಾಸನದ ಡಾಕ್ಟರು ಕನ್ನಡಕ ತೆಗೆದ ಆ ಗಳಿಗೆಯಲ್ಲಿ ನನ್ನ ಎದೆಯಿಂದ ಇಳಿದ ಭಾರ, ಇಲ್ಲಿಂದ ಸ್ವಲ್ಪ ದೂರದ ಒಂದು ಮನೆಯಲ್ಲಿ ಇವತ್ತಿನವರೆಗೂ ಇಳಿಯದೆ ಉಳಿದಿತ್ತು. ಯೋಚಿಸಿದರೆ ಅಳು ಬಂತು. ಅದು ದುಃಖದ ಅಳುವಲ್ಲ. ಅಷ್ಟು ದಿನ ಯಾರೋ ನನ್ನನ್ನು ಕಾಯುತ್ತಿದ್ದರು, ಈಗ ಅವರಿಗೂ ಸುದ್ದಿ ಮುಟ್ಟಿತು, ಅಷ್ಟೇ.

ಸಂಜೆ ಮನೆಗೆ ಬಂದವಳೇ ಹಳೆಯ ಮೇಲ್ ತೆರೆಯಲು ಕೂತೆ. ಪಾಸ್‌ವರ್ಡ್ ನೆನಪಿರಲಿಲ್ಲ. ಸಿಗುವಷ್ಟರಲ್ಲಿ ಅನ್ನ ತಳ ಹತ್ತಿತು. ಕಂಡಕ್ಟರ್ ಬರೆದದ್ದೆಲ್ಲ ಅಲ್ಲಿತ್ತು. ಅವಳೊಬ್ಬಳೇ ಅಲ್ಲ, ಇನ್ನೂ ಕೆಲವರು ಬರೆದಿದ್ದರು. ಒಬ್ಬರು ತಮಗೂ ಅಂಥ ಗಂಟಿತ್ತು, ಹೆದರಬೇಡಿ ಎಂದಿದ್ದರು. ಇನ್ನೊಬ್ಬರು ಬರೀ ‘ಬಂದಿರಾ?’ ಎಂದು ಕೇಳಿದ್ದರು. ಗಂಡನನ್ನು ಕರೆದು ಓದಿ ತೋರಿಸಿದೆ.

“ಇಷ್ಟು ಜನ ಓದ್ತಾರಾ ಇದನ್ನ?” ಎಂದರು.

“ನಂಗೂ ಗೊತ್ತಿರ್ಲಿಲ್ಲ ರೀ.”

“ಮೊದ್ಲು ಇವರಿಗೆಲ್ಲ ಹೇಳು. ಅನ್ನ ನಾನು ಬೇರೆ ಇಡ್ತೀನಿ.”

ಬರೆದೆ. ‘ಬಂದೆ. ಗಂಟು ಕೆಟ್ಟದ್ದಲ್ಲ. ನಿಮ್ಮನ್ನು ಕಾಯಿಸಿದೆ, ಇನ್ನು ಎಲ್ಲರೂ ಮಲಗಿ.’ ಬಳ್ಳಿಯ ಉಳಿದರ್ಧ ಬರೆಯಲು ಕೂತರೆ ಮತ್ತೆ ತಿದ್ದುತ್ತಾ ಕೂರುತ್ತೇನೆಂದು ಗೊತ್ತಿತ್ತು. ಅದಿಲ್ಲದೆಯೇ ಹಾಕಿದೆ. ಅಷ್ಟು ಚಿಕ್ಕದನ್ನು ನಾನು ಎಂದೂ ಹಾಕಿರಲಿಲ್ಲ.

ಕಂಡಕ್ಟರಿಗೆ ಮುಂದಿನ ರಜೆ ಬಂದಾಗ ನಾನೂ ಅವಳೂ ಮಾಲೇಕಲ್ಲಿಗೆ ಹೋದೆವು. ಅರಸೀಕೆರೆಯಿಂದ ಆಟೋದಲ್ಲಿ ಸ್ವಲ್ಪವೇ ದೂರ. ಇಷ್ಟು ಹತ್ತಿರವಿದ್ದೂ ಶಾಲೆಯ ದಿನಗಳಾದ ಮೇಲೆ ನಾನು ಹತ್ತಿರಲಿಲ್ಲ. ಖಾಕಿ ಇಲ್ಲದೆ ಸೀರೆಯಲ್ಲಿ ಆಕೆ ಬೇರೆಯೇ ಕಾಣುತ್ತಿದ್ದಳು, ನನಗಿಂತ ಚಿಕ್ಕವಳು. ದಿನವಿಡೀ ಕುರ್ಚಿಯಲ್ಲಿ ಕೂರುವ ನನಗೆ ಅರ್ಧ ಬೆಟ್ಟಕ್ಕೇ ಏದುಸಿರು ಬಂತು. ಅವಳು ಓಡುವ ಬಸ್ಸಿನಲ್ಲಿ ನಿಂತು ರೂಢಿಯಾದವಳು, ಮೆಟ್ಟಿಲು ಅವಳಿಗೆ ಲೆಕ್ಕಕ್ಕೇ ಇಲ್ಲ.

“ನಿಲ್ಲಿ ಅಕ್ಕ, ಸುಧಾರ್ಸ್ಕೊಳ್ಳಿ. ನಿಮ್ಗೇನಾದ್ರೂ ಆದ್ರೆ ನಮ್ಮವ್ವ ಇನ್ನೊಂದು ಹರಕೆ ಹೊತ್ಕೊಂತಾಳೆ.”

ನಕ್ಕು ನಕ್ಕು ಬಂಡೆಯ ಮೇಲೆ ಕೂತೆವು. ಕೆಳಗೆ ತೆಂಗಿನ ತೋಟಗಳು, ನಡುವೆ ರೈಲು ಹಳಿ. ಅವಳು ತನ್ನ ವಿಷಯ ಹೇಳಿದಳು. ಅವಳಿಗೆ ಹಾಡುವ ಆಸೆ. ಊರಿನ ಭಜನೆಯಲ್ಲಿ ಹಾಡುತ್ತಿದ್ದವಳು, ಈ ಕೆಲಸ ಸಿಕ್ಕ ಮೇಲೆ ಬಿಟ್ಟುಹೋಗಿತ್ತು. ಟಿಕೆಟ್ ಟಿಕೆಟ್ ಎಂದು ಕೂಗಿ ಗಂಟಲು ಕೆಟ್ಟಿದೆ ಎಂದಳು. ಈಗ ಬಸ್ಸು ಡಿಪೋಗೆ ವಾಪಸ್ ಹೋಗುವಾಗ, ಜನವಿಲ್ಲದಾಗ, ಹಿಂದಿನ ಸೀಟಿನಲ್ಲಿ ಕೂತು ಹಾಡಿಕೊಳ್ಳುತ್ತಾಳಂತೆ. ಡ್ರೈವರಿಗೆ ಇಷ್ಟವಾದರೆ ಬಸ್ಸು ನಿಧಾನ ಮಾಡುತ್ತಾರೆ. “ದಿನಾ ಆಗಲ್ಲ ಅಕ್ಕ. ಆದಾಗ ಆಯ್ತದೆ.” ಯಾವ ಬೇಸರವೂ ಇಲ್ಲದೆ ಹೇಳಿದಳು.

ಮೇಲೆ ಪೂಜೆ ಮಾಡಿಸಿ ಹೊರಗೆ ಬಂದು ತಾಯಿಗೆ ಫೋನ್ ಮಾಡಿದೆವು. ಹತ್ತಿದ್ದಕ್ಕೆ ಸಾಕ್ಷಿ ಬೇಕೆಂದು ಅವರು ಗುಡಿಯ ಗಂಟೆ ಕೇಳಿಸಲು ಹೇಳಿದರು. ಕಂಡಕ್ಟರ್ ಒಳಗೆ ಓಡಿ ಹೋಗಿ ಗಂಟೆ ಬಾರಿಸಿದಳು. ನಾನು ಫೋನನ್ನು ಮೇಲೆತ್ತಿ ಹಿಡಿದೆ. “ಆಯ್ತು, ಇಳೀರಿ,” ಎಂದರು.

ಆಮೇಲೊಂದು ದಿನ ಅವರನ್ನು ನೋಡಲು ಹೋದೆ. ರಾಗಿ ಹೊಲದ ಪಕ್ಕದ ಮನೆ, ಜಗುಲಿಯ ಮೇಲೆ ಕೂತಿದ್ದರು. ಹತ್ತಿರ ಕೂರಿಸಿಕೊಂಡು ನನ್ನ ಕುತ್ತಿಗೆ ಮುಟ್ಟಿ, ಗಂಟನ್ನು ಹುಡುಕಿ, ಅದರ ಮೇಲೆ ಬೆರಳಿಟ್ಟು, “ಇಷ್ಟೇಯಾ?” ಎಂದರು. ಇಷ್ಟೇ ಎಂದೆ. ಮತ್ತೆ ಅದರ ಮಾತೆತ್ತಲಿಲ್ಲ. ಅವರ ಸೊಸೆ ಅಕ್ಕಿರೊಟ್ಟಿ, ಅವರೆಕಾಳಿನ ಸಾರು ಬಡಿಸಿದರು. ಊಟದ ಮೇಲೆ ಆ ತಾಯಿ ಬ್ಲಾಗಿನಲ್ಲಿ ಏನು ಬರೆಯಬೇಕು ಎಂದು ಸಲಹೆ ಕೊಟ್ಟರು. ಬಳ್ಳಿ ಕಡಿಮೆ, ಅಳಿಲು ಜಾಸ್ತಿ.

ಈಗಲೂ ನನ್ನ ಕೆಲಸ ಅದೇ, ಆಫೀಸಿನ ಒತ್ತಡ ಕಡಿಮೆಯಾಗಿಲ್ಲ. ಕಸೂತಿ ಕೆಲವು ತಿಂಗಳು ನಡೆಯುತ್ತದೆ, ಕೆಲವು ತಿಂಗಳು ಮುಟ್ಟುವುದೂ ಆಗುವುದಿಲ್ಲ. ಆದರೆ ಎಲ್ಲವನ್ನೂ ಸರಿತೂಗಿಸಬೇಕು ಎಂಬ ಹಟ ಹೋಗಿದೆ, ಅದು ಹೋದದ್ದೇ ದೊಡ್ಡ ನೆಮ್ಮದಿ. ಬ್ಲಾಗಿಗೆ ಬರೆಯಲು ಪುರುಸೊತ್ತಿಲ್ಲದಿದ್ದರೆ, ಪುರುಸೊತ್ತಿಲ್ಲ, ಚೆನ್ನಾಗಿದ್ದೇನೆ ಎಂದು ಒಂದು ಸಾಲು ಹಾಕುತ್ತೇನೆ. ಹೋದ ವಾರ ಹಾಕಿದ್ದು ಮಳೆ ಬಂದು ಗೋದಾಮಿನ ಶೀಟು ಸೋರಿದ ವಿಷಯ. ನಾನೂ ನನ್ನ ಗಂಡನೂ ಕೊಬ್ಬರಿ ಚೀಲಗಳನ್ನು ಎಳೆದೆಳೆದು ಒಣಗಿದ ಕಡೆ ಹಾಕಿದೆವು. ಎರಡು ಅಕ್ಷರ ತಪ್ಪಿತ್ತು, ಮರುದಿನ ಕಂಡಿತು. ಬಿಟ್ಟೆ. ಹಳ್ಳಿಯಲ್ಲಿ ಅದನ್ನು ಓದಿ ಹೇಳಿದ ಮೇಲೆ, ಶೀಟು ಬದಲಾಯಿಸಲು ಗಂಡನಿಗೆ ಹೇಳು ಎಂದು ಫೋನ್ ಬಂತು. ಹೇಳಿದ್ದೇನೆ.